ಕಡಿಯುವುದಕ್ಕೊಂದು, ಸೀಳುವುದಕ್ಕೊಂದು: ದೊಡ್ಡ ಕತ್ತಿ ಆರಿಸುವ ಮುನ್ನ

ಕಾಡಿನಲ್ಲಿ ಬಿಡಾರ ಹೂಡುವವರು ದೊಡ್ಡ ಕತ್ತಿ ಕೊಳ್ಳಲು ಹೋದಾಗ ಮೊದಲು ಕೇಳುವುದು ಉದ್ದ ಎಷ್ಟು ಎಂದು. ಆಮೇಲೆ ಯಾವ ಉಕ್ಕು ಎಂದು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಸೌದೆ ಮಾಡುವ ಕತ್ತಿಗೆ ಇವಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಕತ್ತಿಯಿಂದ ಜಾಸ್ತಿ ಮಾಡುವುದು ಕಡಿಯುವ ಕೆಲಸವೋ, ಸೀಳುವ ಕೆಲಸವೋ? ನೋಡಲು ಎರಡೂ ಒಂದೇ ಥರ. ಮರದ ಕಡೆಯಿಂದ ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ.

ಮರದ ಕಾಂಡ ಉದ್ದುದ್ದ ಜೀವಕೋಶಗಳಿಂದ ಆಗಿದೆ. ಅವು ಸಣ್ಣ ಕೊಳವೆಗಳಂತೆ ಬುಡದಿಂದ ತುದಿಯ ಕಡೆಗೆ ಸಾಲಾಗಿ ನಿಂತಿರುತ್ತವೆ. ಕೊಳವೆಯ ಗೋಡೆಗೆ ಬಲ ಕೊಡುವುದು ಸೆಲ್ಯುಲೋಸ್ ಎಳೆಗಳು. ಕೊಳವೆಗಳನ್ನು ಒಂದಕ್ಕೊಂದು ಅಂಟಿಸುವುದು ಲಿಗ್ನಿನ್. ಎಳೆಗಳು ಎಷ್ಟು ಗಟ್ಟಿಯೋ ಅಂಟು ಅಷ್ಟು ಗಟ್ಟಿಯಲ್ಲ. ಹಾಗಾಗಿ ಎಳೆಯುದ್ದಕ್ಕೆ ಎಳೆದರೆ ಮರ ತಡೆಯುವ ಬಲ, ಅಡ್ಡಕ್ಕೆ ಎಳೆದರೆ ತಡೆಯುವ ಬಲಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಕಡಿಯುವಾಗ ನಾವು ಎಳೆಗಳನ್ನೇ ತುಂಡು ಮಾಡಬೇಕು. ಸೀಳುವಾಗ ಅಂಟು ಬಿಡಿಸಿದರೆ ಸಾಕು.

ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮರಕ್ಕೆ ಕೊಂಬೆ ಇಲ್ಲ, ಗಂಟು ಇಲ್ಲ, ನಾರು ನೆಟ್ಟಗೆ ಓಡುತ್ತದೆ. ತುದಿಯಲ್ಲಿ ಒಂದು ಬಿರುಕು ಮಾಡಿ ಬೆಣೆ ಹೊಡೆದರೆ ಅದು ಉದ್ದಕ್ಕೂ ತಾನೇ ಹೋಗುತ್ತದೆ. ಹುಣಸೆಯ ಕೊರಡನ್ನು ಹಾಗೆ ಸೀಳಲು ಹೋಗಿ ನೋಡಿ! ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮಾಂಸದ ಅಂಗಡಿಯವರು ಕೊಚ್ಚುವುದಕ್ಕೆ ಹುಣಸೆ ಕೊರಡನ್ನೇ ಹುಡುಕುವುದು ಇದಕ್ಕಾಗಿಯೇ.

ಮೊದಲು ಕಡಿಯುವುದನ್ನು ನೋಡೋಣ. ಬೀಸಿದ ಕತ್ತಿಯ ಚಲನಶಕ್ತಿ ತೂಕ ಎರಡು ಪಟ್ಟಾದರೆ ಎರಡು ಪಟ್ಟಾಗುತ್ತದೆ, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಹಾಗಾದರೆ ಹಗುರ ಕತ್ತಿಯನ್ನು ಜೋರಾಗಿ ಬೀಸುವುದೇ ಲಾಭ ಅಲ್ವಾ? ಅಲ್ಲ. ನಮ್ಮ ತೋಳಿಗೇ ತೂಕವಿದೆ, ಅದರ ವೇಗಕ್ಕೊಂದು ಮಿತಿಯಿದೆ. ಕತ್ತಿಯ ತೂಕ ಅರ್ಧ ಮಾಡಿದ ಮಾತ್ರಕ್ಕೆ ವೇಗ ಎರಡು ಪಟ್ಟಾಗುವುದಿಲ್ಲ. ಅದಕ್ಕೇ ಸ್ವಲ್ಪ ತೂಕ ಬೇಕೇ ಬೇಕು. ತೀರಾ ಜಾಸ್ತಿಯಾದರೆ ಹೊತ್ತು ಕಳೆದಂತೆ ಕೈ ಸೋಲುತ್ತದೆ. ಸೋತ ಕೈಯಲ್ಲಿ ಏಟು ಗುರಿ ತಪ್ಪುತ್ತದೆ. ಅರ್ಧ ಕಿಲೋ ಆಸುಪಾಸಿನಿಂದ ಮುಕ್ಕಾಲು ಕಿಲೋವರೆಗೆ ಹೆಚ್ಚಿನವರಿಗೆ ಒಗ್ಗುತ್ತದೆ ಎಂದು ನನ್ನ ಅಂದಾಜು.

ಆ ತೂಕ ಎಲ್ಲಿದೆ ಎನ್ನುವುದು ಇನ್ನೂ ದೊಡ್ಡ ವಿಷಯ. ಒಂದೇ ದಪ್ಪದ ಕೋಲನ್ನು ಒಂದು ತುದಿಯಲ್ಲಿ ಹಿಡಿದು ಬೀಸಿ ಹೊಡೆಯಿರಿ. ಹಿಡಿದ ತುದಿಯಿಂದ ಮೂರನೇ ಎರಡು ಭಾಗದ ದೂರದಲ್ಲಿ ಏಟು ಬಿದ್ದರೆ ಕೈಗೆ ಜುಮ್ಮೆನ್ನುವ ಪೆಟ್ಟು ಬರುವುದೇ ಇಲ್ಲ. ಅದರಿಂದ ಆಚೆಗೋ ಈಚೆಗೋ ಬಿದ್ದರೆ ಹಿಡಿ ಕೈಯಲ್ಲಿ ಒದೆಯುತ್ತದೆ. ಭೌತಶಾಸ್ತ್ರದಲ್ಲಿ ಈ ಜಾಗಕ್ಕೆ ಆಘಾತ ಕೇಂದ್ರ ಎನ್ನುತ್ತಾರೆ. ಕತ್ತಿಯ ಮುಂಭಾಗ ಅಗಲವಾಗಿ ತೂಕವಾಗಿದ್ದರೆ ಈ ಕೇಂದ್ರವೂ ಮುಂದಕ್ಕೆ ಸರಿಯುತ್ತದೆ. ಮುಂಭಾಗ ವೇಗವಾಗಿ ಚಲಿಸುವ ಭಾಗ ಕೂಡ ಹೌದು. ಎರಡೂ ಕೂಡಿದರೆ ಏಟಿನ ಬಲವೂ ಹೆಚ್ಚು, ಕೈಯ ನೋವೂ ಕಡಿಮೆ.

ನೇಪಾಳದ ಖುಕುರಿ ಇದನ್ನು ಎಷ್ಟು ಚೆನ್ನಾಗಿ ಸಾಧಿಸಿದೆ ನೋಡಿ. ಹಿಡಿಯ ಹತ್ತಿರ ಅಗಲ ಕಡಿಮೆ, ಆಮೇಲೆ ಅಲಗು ಮುಂದಕ್ಕೆ ಬಾಗಿ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ತೂಕವೆಲ್ಲ ಆ ಹೊಟ್ಟೆಯಲ್ಲಿ. ಬಾಗಿರುವುದರಿಂದ ಮಣಿಕಟ್ಟನ್ನು ಜಾಸ್ತಿ ತಿರುಗಿಸದೆಯೇ ಬಾಯಿ ಮರಕ್ಕೆ ತಾಗುತ್ತದೆ. ಓರೆಯಾಗಿ ತಾಗುವ ಕಾರಣ ಸ್ವಲ್ಪ ಜಾರಿಕೊಂಡು ಕೊಯ್ಯುತ್ತದೆ ಕೂಡ. ನಮ್ಮ ಮಲೆನಾಡಿನವರು ಸೊಂಟದ ಹಿಂದೆ ಕೊಕ್ಕೆಗೆ ಸಿಗಿಸಿಕೊಳ್ಳುವ ಕತ್ತಿಯ ತುದಿಯೂ ಮುಂದಕ್ಕೇ ಬಾಗಿರುತ್ತದೆ. ಮಲಯದ ಪರಂಗ್ ಕತ್ತಿಯ ಅಗಲವೂ ಮುಂದೆಯೇ. ಉತ್ತರ ಯುರೋಪಿನ ಸಾಮಿ ಜನರ ಲೆಯುಕು ಮಾತ್ರ ಬೇರೆ. ಅದು ನೆಟ್ಟಗಿನ, ಅಗಲವಾದ ಅಲಗು. ಅಲ್ಲಿ ಕಡಿಯಬೇಕಾದವು ಹೆಚ್ಚಾಗಿ ಸಣ್ಣ ಬರ್ಚ್ ಮರಗಳು.

ಕತ್ತಿ ಎಷ್ಟೇ ಒಳ್ಳೆಯದಿರಲಿ, ಎಳೆಗೆ ನೇರ ಅಡ್ಡಲಾಗಿ ಹೊಡೆದರೆ ಕೆಲಸ ಸಾಗದು. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಹೊಡೆಯಬೇಕು. ಆಗ ಪ್ರತಿ ಏಟಿನಲ್ಲೂ ಸ್ವಲ್ಪ ಕಡಿತ, ಸ್ವಲ್ಪ ಸೀಳು ಎರಡೂ ಆಗಿ ಚಕ್ಕೆ ಎದ್ದು ಬರುತ್ತದೆ. ಹಸಿ ಮರ ಒಣ ಮರಕ್ಕಿಂತ ಬೇಗ ಕಡಿಯಲು ಬರುವುದಕ್ಕೂ ಕಾರಣವಿದೆ. ಮರದ ತೇವ ಸುಮಾರು ಶೇ 30ಕ್ಕಿಂತ ಕೆಳಗೆ ಇಳಿದ ಮೇಲೆ ಎಳೆಗಳು ಬಿಗಿಯುತ್ತಾ ಗಟ್ಟಿಯಾಗುತ್ತವೆ.

ಇನ್ನು ಸೀಳುವುದು. ಚಿಕ್ಕ ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲೆ ಕತ್ತಿಯ ಬಾಯಿ ಇಟ್ಟು, ಬೆನ್ನಿಗೆ ಕೊಡತಿಯಿಂದಲೋ ಗಟ್ಟಿ ಕೋಲಿನಿಂದಲೋ ಬಡಿಯುವ ಕ್ರಮ ಇದೆ. ಇಲ್ಲಿ ನಡೆಯುವುದು ತುಂಬ ಸೊಗಸಾದ ಸಂಗತಿ. ಮೊದಲ ಒಂದೆರಡು ಏಟಿಗೆ ಮಾತ್ರ ಬಾಯಿ ಮರವನ್ನು ಕೊಯ್ಯುತ್ತದೆ. ಆಮೇಲೆ ಬಿರುಕು ಕತ್ತಿಗಿಂತ ಮುಂದೆ ಓಡುತ್ತದೆ. ಬಾಯಿ ಆ ಬಿರುಕಿನ ಖಾಲಿ ಜಾಗದಲ್ಲಿ ಸುಮ್ನೆ ಇರುತ್ತದೆ, ಮರಕ್ಕೆ ಹೆಚ್ಚಾಗಿ ತಾಗುವುದೇ ಇಲ್ಲ. ಕೆಲಸ ಮಾಡುವುದು ಅಲಗಿನ ಎರಡು ಪಕ್ಕಗಳು. ಅವು ಬೆಣೆಯಾಗಿ ಮರವನ್ನು ಅತ್ತಿತ್ತ ತಳ್ಳುತ್ತವೆ.

ಅಂದರೆ ಸೀಳುವುದಕ್ಕೆ ಹರಿತಕ್ಕಿಂತ ದಪ್ಪ ಮುಖ್ಯ. ಕಡಿಯುವಾಗ ಅದೇ ದಪ್ಪ ಅಡ್ಡಿ. ದಪ್ಪ ಬೆಣೆಯಂಥ ಅಲಗು ಎಳೆಗಳನ್ನು ಆಳಕ್ಕೆ ಕೊಯ್ಯದೆ ಜಜ್ಜಿ ನಿಂತುಬಿಡುತ್ತದೆ. ತೀರಾ ತೆಳು ಅಲಗಿನದು ಬೇರೆ ತೊಂದರೆ. ಆಳಕ್ಕೇನೋ ಹೋಗುತ್ತದೆ, ಆದರೆ ಮರದಲ್ಲಿ ಕಚ್ಚಿಕೊಂಡು ಹೊರಗೆ ಬರುವುದಿಲ್ಲ. ಎರಡು ಮೂರು ಮಿಲಿಮೀಟರ್ ದಪ್ಪದ, ಮಚೆಟೆ ಎನ್ನುವ ಉದ್ದನೆಯ ತೆಳು ಕತ್ತಿ ಹುಲ್ಲು, ಬಳ್ಳಿ, ಎಳೆ ಕೊಂಬೆಗೆ ಬಹಳ ಒಳ್ಳೆಯದು. ಒಣ ಸೌದೆಗೆ ಅದನ್ನು ತರಬೇಡಿ.

ಎರಡಕ್ಕೂ ಆಗಬೇಕೆಂದರೆ ದಾರಿ ಇದೆ. ಬೆನ್ನು ಐದಾರು ಮಿಲಿಮೀಟರ್ ಇರಲಿ. ಅಲ್ಲಿಂದ ಬಾಯಿಯವರೆಗೆ ಪಕ್ಕಗಳು ಸಣ್ಣಗೆ ಉಬ್ಬಿಕೊಂಡು ಇಳಿಯಲಿ. ಉಬ್ಬಿದ ಪಕ್ಕ ಮರಕ್ಕೆ ಪೂರ್ತಿ ಅಂಟಿಕೊಳ್ಳುವುದಿಲ್ಲ. ಸ್ವಲ್ಪ ಜಾಗದಲ್ಲಷ್ಟೇ ತಾಗುವುದರಿಂದ ತಿಕ್ಕಾಟ ಕಡಿಮೆ, ಕತ್ತಿ ಸಿಕ್ಕಿಹಾಕಿಕೊಳ್ಳುವುದೂ ಕಡಿಮೆ. ಬಾಯಿಯ ಹಿಂದೆ ಉಕ್ಕು ತುಂಬಿರುವುದರಿಂದ ಬಾಯಿಯೂ ಬೇಗ ಮುರಿಯದು.

ಉದ್ದದ ಲೆಕ್ಕ ಬರುವುದು ಇಲ್ಲಿ. ಬೆನ್ನಿಗೆ ಬಡಿದು ಸೀಳುವಾಗ ಕತ್ತಿಯ ತುದಿ ದಿಮ್ಮಿಯ ಆಚೆ ಬದಿಗೆ ಐದಾರು ಸೆಂಟಿಮೀಟರ್ ಚಾಚಿರಬೇಕು. ಇಲ್ಲದಿದ್ದರೆ ಅಲಗು ಮರದೊಳಗೆ ಮುಳುಗಿದ ಮೇಲೆ ಬಡಿಯಲು ಜಾಗವೇ ಇರುವುದಿಲ್ಲ. ಈಚೆಗೆ ಹಿಡಿಯ ಹತ್ತಿರವೂ ಸ್ವಲ್ಪ ಬಿಡಬೇಕು. 25 ಸೆಂಟಿಮೀಟರ್ ಅಲಗಿದ್ದರೆ ಸುಮಾರು 15 ಸೆಂಟಿಮೀಟರ್ ದಪ್ಪದ ದಿಮ್ಮಿಯವರೆಗೆ ಧೈರ್ಯವಾಗಿ ಸೀಳಬಹುದು. ಅದಕ್ಕಿಂತ ದಪ್ಪದ ಮರ ದಿನವೂ ಸಿಗುವ ಕಡೆ ಕೊಡಲಿಯೇ ಸರಿ. ಕತ್ತಿಯನ್ನು ಕೊಡಲಿ ಮಾಡಲು ಹೋಗಬಾರದು.

ಈಗ ಉಕ್ಕು. ಗಡಸುತನ ಬೇರೆ, ಪೆಟ್ಟು ತಡೆಯುವ ಗುಣ ಬೇರೆ. ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಕೆಂಪಗೆ ಕಾಯಿಸಿದ ಉಕ್ಕನ್ನು ಥಟ್ಟನೆ ತಣ್ಣಗೆ ಮಾಡಿದರೆ ಅದರೊಳಗಿನ ಇಂಗಾಲದ ಪರಮಾಣುಗಳಿಗೆ ಹೊರಬರಲು ಸಮಯ ಸಿಗದೆ ಕಬ್ಬಿಣದ ಹರಳಿನೊಳಗೇ ಸಿಕ್ಕಿಬೀಳುತ್ತವೆ. ಹಾಗೆ ಬಿಗಿದು ನಿಂತ ರಚನೆಯೇ ಮಾರ್ಟೆನ್‌ಸೈಟ್. ಅದು ತುಂಬ ಗಡಸು, ಆದರೆ ಪೆಟ್ಟಿಗೆ ಸಿಡಿಯುತ್ತದೆ. ಅದಕ್ಕೇ ಮತ್ತೆ 200ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯಿಸಿ ಸ್ವಲ್ಪ ಸಡಿಲಿಸುತ್ತಾರೆ. ತಿಕ್ಕಿ ಬೆಳ್ಳಗೆ ಮಾಡಿದ ಉಕ್ಕಿನ ಮೈ ಆಗ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಕಮ್ಮಾರ ಹದ ಓದುವುದು ಈ ಬಣ್ಣಗಳಲ್ಲೇ. ಇದು ಕೈಗೂ ಕಣ್ಣಿಗೂ ಬಂದ ವಿಜ್ಞಾನ, ಅದಕ್ಕೆ ನನಗೆ ದೊಡ್ಡ ಗೌರವವಿದೆ.

ಅಡುಗೆಮನೆಯ ಒಳ್ಳೆಯ ತೆಳು ಚಾಕುಗಳು ರಾಕ್‌ವೆಲ್ ಸಿ ಎಂಬ ಗಡಸುತನದ ಅಳತೆಯಲ್ಲಿ 60 ದಾಟಿರುವುದುಂಟು. ಮರ ಕಡಿಯುವ ಕತ್ತಿಗೆ ಅಷ್ಟು ಬೇಡ. 54ರಿಂದ 58 ಸಾಕು. ಲಾರಿಯ ಕಮಾನು ಪಟ್ಟಿಯ ಉಕ್ಕು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಇಂಗಾಲ ಸುಮಾರು ಶೇ 0.6. ರಸ್ತೆಯ ಗುಂಡಿಗಳ ಪೆಟ್ಟನ್ನು ವರ್ಷಗಟ್ಟಲೆ ತಿನ್ನಲೆಂದೇ ಮಾಡಿದ ಉಕ್ಕದು. ನೇಪಾಳದ ಕಮ್ಮಾರರಾದ ಕಾಮಿಗಳು ಖುಕುರಿ ಮಾಡುವುದು ಹೆಚ್ಚಾಗಿ ಇದರಿಂದಲೇ, ನಮ್ಮೂರುಗಳ ಕುಲುಮೆಗಳಲ್ಲೂ ಇದೇ ಪಟ್ಟಿ ಕತ್ತಿಯಾಗುತ್ತದೆ. ಕಾಮಿಗಳ ಇನ್ನೊಂದು ಕೌಶಲವಿದೆ. ಕಾದ ಖುಕುರಿಯನ್ನು ಪೂರ್ತಿ ಮುಳುಗಿಸುವ ಬದಲು ಕೆಟಲಿನಿಂದ ಬಾಯಿಯ ಉದ್ದಕ್ಕೆ ಮಾತ್ರ ನೀರು ಸುರಿಯುತ್ತಾರೆ. ಬಾಯಿ ಗಡಸಾಗುತ್ತದೆ, ಬೆನ್ನು ಮೆತುವಾಗಿಯೇ ಉಳಿದು ಪೆಟ್ಟು ನುಂಗುತ್ತದೆ.

ತುಕ್ಕು ಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂ ಶೇ 10.5ಕ್ಕಿಂತ ಹೆಚ್ಚಿರುತ್ತದೆ. ಇಂಗಾಲವೂ ಹೆಚ್ಚಿದ್ದರೆ ಎರಡೂ ಸೇರಿ ದೊಡ್ಡ ಗಡಸು ಕಣಗಳಾಗುತ್ತವೆ, ಬಿರುಕು ಹುಟ್ಟುವುದು ಅಲ್ಲೇ. ಹಾಗಾಗಿ ದೊಡ್ಡ ಕತ್ತಿಗೆ ನಾನು ಸಾದಾ ಕಮಾನು ಉಕ್ಕನ್ನೇ ಹೇಳುತ್ತೇನೆ. ಒರೆಸಿ ಎಣ್ಣೆ ಹಚ್ಚಿಟ್ಟರೆ ಮಳೆಗಾಲವನ್ನೂ ಕಳೆಯುತ್ತದೆ.

ಹಿಡಿಯ ವಿಷಯದಲ್ಲಿ ನೋಡಬೇಕಾದ್ದು ಒಂದೇ. ಅಲಗಿನ ಉಕ್ಕು ಹಿಡಿಯೊಳಗೆ ಕೊನೆಯವರೆಗೂ ಹೋಗಿರಬೇಕು. ಒಳಗೆ ಹೋಗುವ ಆ ಉಕ್ಕು ಮೋಟಾಗಿದ್ದರೆ ಬಡಿತದ ಭಾರವೆಲ್ಲ ಹಿಡಿ ಸೇರುವ ಕಡೆ ಬೀಳುತ್ತದೆ.

ಇನ್ನೆರಡು ಎಚ್ಚರ. ಭಾರತದ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಬಳಕೆಗೆ, ಕೃಷಿಗೆ ಮಾಡಿದವಕ್ಕೆ ವಿನಾಯಿತಿ ಇದೆ. ತೋಟದಲ್ಲಿರುವ ಕತ್ತಿಯನ್ನೇ ಪೇಟೆಯ ಬಸ್ಸಿನಲ್ಲಿ ಸೊಂಟಕ್ಕೆ ಸಿಗಿಸಿಕೊಂಡು ಹೋಗುವುದು ಬೇರೆ ಮಾತು. ಕಾಯ್ದಿಟ್ಟ ಕಾಡಿನಲ್ಲಂತೂ ಬಿದ್ದ ಕಟ್ಟಿಗೆಗೂ ಅನುಮತಿ ಕೇಳಿಯೇ ಕೈ ಹಾಕಬೇಕು.

ಹೊಸ ಕತ್ತಿ ತಂದ ಮೇಲೆ ಒಣ ಮರದ ಒಂದು ಗಂಟನ್ನು ನಾಲ್ಕೈದು ಏಟು ಕಡಿದು ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಚೂರು ಹಾರಿದ್ದರೆ ಹದ ಗಡಸಾಯಿತು, ಕಮ್ಮಾರನ ಹತ್ತಿರ ಒಯ್ದು ಇನ್ನೊಮ್ಮೆ ಕಾಯಿಸಿ ಇಳಿಸಬಹುದು. ಬಾಯಿ ಒಂದು ಕಡೆಗೆ ಮಡಚಿಕೊಂಡಿದ್ದರೆ ಮೆತುವಾಯಿತು, ಮತ್ತೆ ಕೆಂಪಗೆ ಕಾಯಿಸಿ ಹದ ಹಾಕಿಸಬೇಕು. ಎರಡೂ ಆಗದೆ ಹೊಳಪು ಮಾತ್ರ ಮಾಸಿದ್ದರೆ ಮಸೆಗಲ್ಲಿಗೆ ನಾಲ್ಕು ಬಾರಿ ಎಳೆದು ಕೆಲಸಕ್ಕೆ ಇಳಿಯಿರಿ.