ಲೆನ್ಸ್ ಹಳೆಯದಾದರೆ ಕ್ಯಾಮೆರಾವೂ ಹಳೆಯದೇ?

ಪ್ರಶ್ನೆ: ನಮ್ಮಜ್ಜ 1950ರ ದಶಕದಲ್ಲಿ ಸ್ಟುಡಿಯೊ ಇಟ್ಟಿದ್ದರು. ಅವರ ಮರದ ಕ್ಯಾಮೆರಾ ಅಟ್ಟದಲ್ಲಿ ಸಿಕ್ಕಿದೆ. ಹಿತ್ತಾಳೆ ಲೆನ್ಸಿನ ಮೇಲೆ ‘ರ್‍ಯಾಪಿಡ್ ರೆಕ್ಟಿಲಿನಿಯರ್’ ಎಂದು ಕೆತ್ತಿದೆ. ಅದು 1866ರ ಲೆನ್ಸಂತೆ. ಹಾಗಾದರೆ ಕ್ಯಾಮೆರಾಗೂ ನೂರೈವತ್ತು ವರ್ಷ ದಾಟಿತೇ?

ಉತ್ತರ: ತಣ್ಣೀರೆರಚುತ್ತಿದ್ದೇನೆ, ಬೇಸರಿಸಬೇಡಿ. 1866 ಎಂಬುದು ಲಂಡನ್ನಿನ ಲೆನ್ಸ್ ತಯಾರಕ ಡಾಲ್‌ಮೇಯರ್ ಆ ಬಗೆಯ ಲೆನ್ಸನ್ನು ಮೊದಲು ಹೊರತಂದ ವರ್ಷ, ಅಷ್ಟೇ. ಆಮೇಲೆ ಎಷ್ಟೋ ತಯಾರಕರು 20ನೇ ಶತಮಾನದಲ್ಲೂ ಅದನ್ನು ಮಾಡಿ ಮಾರಿದರು. ಅಲ್ಲದೆ ಲೆನ್ಸ್ ಕೂತಿರುವುದು ಕಳಚಿ ತೆಗೆಯಬಹುದಾದ ಚಿಕ್ಕ ಹಲಗೆಯ ಮೇಲೆ. ಎತ್ತು ಬದಲಿಸಿದಂತೆ ಲೆನ್ಸ್ ಬದಲಿಸುತ್ತಿದ್ದರು. ಗಾಡಿಯ ವಯಸ್ಸೇ ಬೇರೆ.

ಹಾಗಾಗಿ ನಾನಾದರೆ ಮೊದಲು ಕ್ಯಾಮೆರಾದ ಬೆನ್ನು ನೋಡುತ್ತೇನೆ. ಫೋಟೊ ಮೂಡುವ ಗಾಜು, ಅಂದರೆ ಪ್ಲೇಟ್, ಕೂರುತ್ತಿದ್ದುದು ಅಲ್ಲೇ. 1851ರಲ್ಲಿ ಬಂದ ಒದ್ದೆ ಪ್ಲೇಟಿನ ಪದ್ಧತಿ ಸುಮಾರು 1880ರವರೆಗೆ ನಡೆಯಿತು. ಗಾಜನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಆರುವ ಮೊದಲೇ ಫೋಟೊ ಹಿಡಿದು ತೊಳೆಯಬೇಕಿತ್ತು. ತೊಟ್ಟಿಕ್ಕಿದ ದ್ರಾವಣದಿಂದ ಪ್ಲೇಟ್ ಹೋಲ್ಡರಿನ (ಗಾಜನ್ನು ಹಿಡಿದಿಡುವ ಚಪ್ಪಟೆ ಪೆಟ್ಟಿಗೆಯ) ತಳ, ಅದರ ಕೆಳಗಿನ ಮರ ಎಲ್ಲ ಕಪ್ಪಗಾಗುತ್ತಿತ್ತು, ಕೆಲವೆಡೆ ಕೊರೆದೂ ಹೋಗುತ್ತಿತ್ತು. ಅಂಥ ಕಲೆ ಕಂಡರೆ ಖುಷಿಪಡಿ. (ಇಂದಿಗೂ ಹವ್ಯಾಸಕ್ಕೆ ಒದ್ದೆ ಪ್ಲೇಟು ಮಾಡುವವರಿದ್ದಾರೆ, ಹಾಗಾಗಿ ಪೂರ್ತಿ ನಂಬಬೇಡಿ.) ಕಲೆಯಿಲ್ಲದೆ, ಪುಸ್ತಕದಂತೆ ತೆರೆದು ಎರಡು ಗಾಜು ಹಿಡಿಯುವ ಹೋಲ್ಡರ್ ಇದ್ದರೆ ಬಹುಮಟ್ಟಿಗೆ ಅದು 1880ರ ಈಚಿನ ಒಣ ಪ್ಲೇಟಿನದು, ಅಂದರೆ ಮೊದಲೇ ಲೇಪಿಸಿ ಒಣಗಿಸಿಟ್ಟ ಗಾಜಿನದು.

ಹೋಲ್ಡರಿನೊಳಗೆ ಗಾಜು ಕೂರುವ ಜಾಗವನ್ನೂ ಅಳೆಯಿರಿ. 6½×8½ ಅಂಗುಲವಾದರೆ ಫುಲ್ ಪ್ಲೇಟ್, 4¾×6½ ಆದರೆ ಬ್ರಿಟಿಷ್ ಹಾಫ್ ಪ್ಲೇಟ್. 13×18 ಸೆಂಟಿಮೀಟರ್ ಬಂದರೆ ಯುರೋಪಿನ ಕಡೆಯದು. ಇದು ಊರು ಹೇಳುತ್ತದೆ, ವರ್ಷ ಹೇಳುವುದಿಲ್ಲ. ಹೆಸರಿನ ಫಲಕವೂ ಹಾಗೆಯೇ. ಅದರಲ್ಲಿ ಎಷ್ಟೋ ಸಲ ಮಾಡಿದವನ ಹೆಸರಿರುವುದಿಲ್ಲ, ಮಾರಿದ ಅಂಗಡಿಯದಿರುತ್ತದೆ.

ನಿಮ್ಮಜ್ಜನ ಕಾಲ ನೋಡಿದರೆ ಇನ್ನೊಂದು ಸಾಧ್ಯತೆಯೇ ನನಗೆ ಬಲವಾಗಿ ಕಾಣುತ್ತದೆ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ 1940ರ ದಶಕದಲ್ಲಿ ‘ವಾಗೀಶ್ವರಿ’ ಎಂಬ ಮರದ ಕ್ಯಾಮೆರಾ ಮಾಡತೊಡಗಿದರು. ಮರದ ಚೌಕಟ್ಟು, ಹಿತ್ತಾಳೆ ಪಟ್ಟಿ, ಕಮ್ಮಾರನ ತಿದಿಯಂತೆ ಮಡಚುವ ಬೆಲ್ಲೋಸ್, ಎಲ್ಲವೂ ಹಳೆಯ ವಿಲಾಯತಿ ಅಚ್ಚು. ದೂರದಿಂದ ನೋಡಿದರೆ ವಿಕ್ಟೋರಿಯಾ ರಾಣಿಯ ಕಾಲದ್ದೇ ಅನ್ನಿಸುತ್ತದೆ. ನಿಮ್ಮದು ಅದೇ ಆಗಿದ್ದರೆ ಮುಖ ಬಾಡಿಸಬೇಡಿ. ಲಂಡನ್ನಿನ ಯಾವುದೋ ಸಾಧಾರಣ ಪೆಟ್ಟಿಗೆಗಿಂತ ನನಗಂತೂ ಅದೇ ಇಷ್ಟ.

ಗುರುತು ಹಚ್ಚುವವರೆಗೆ ಮಾತ್ರ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಳೆಯ ಮೆರುಗಿನ ಜೊತೆ ಕೆತ್ತಿದ ಅಕ್ಷರಗಳೂ ಸವೆಯುತ್ತವೆ.