ವೈರಸ್ಸಿನ ಹಂಗಿಲ್ಲದೆ ಇಡೀ ಜೀನ್

“ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ, ಈ ಕೂಸಿಗೆ ಎಲ್ಲಿಂದ ಬಂತು?” ಗಂಡುಮಗುವಿಗೆ ಕುಸುಮ ರೋಗ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಇದೆ ಎಂದು ಗೊತ್ತಾದಾಗ ಕಲಬುರಗಿ ಸೀಮೆಯ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಇದು. ಉತ್ತರ ಸಿಗುವ ಮೊದಲೇ ಬೆರಳು ತಾಯಿಯ ಕಡೆ ತಿರುಗಿರುತ್ತದೆ. ರೋಗದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಎಂಬಷ್ಟನ್ನು ಕೇಳಿಸಿಕೊಂಡವರಿಗೆ ಸೊಸೆಯನ್ನು ದೂರಲು ಅಷ್ಟೇ ಸಾಕಾಗುತ್ತದೆ. ಮಾತಿನ ಉಳಿದರ್ಧವನ್ನೂ ಅವರು ಕೇಳಬೇಕು. ಹಿಮೊಫಿಲಿಯಾದ ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದಲ್ಲಿ ರೋಗದ ಸುಳಿವೇ ಇರುವುದಿಲ್ಲ. ದೋಷ ಹೊಸದಾಗಿ ಹುಟ್ಟಿರುತ್ತದೆ. ಅದರಲ್ಲೂ ತೀವ್ರ ಹಿಮೊಫಿಲಿಯಾ ‘ಎ’ಗೆ ಅತಿ ಸಾಮಾನ್ಯ ಕಾರಣವಾದ ದೋಷ ಬಹುಪಾಲು ಹುಟ್ಟುವುದು ಗಂಡಸಿನಲ್ಲಿ ವೀರ್ಯಾಣು ರೂಪುಗೊಳ್ಳುವಾಗ, ಅಂದರೆ ಮಗುವಿನ ತಾಯಿಯ ತಂದೆಯಲ್ಲಿ ಅಥವಾ ಅದಕ್ಕೂ ಹಿಂದಿನ ತಲೆಮಾರಿನ ಒಬ್ಬ ಗಂಡಸಿನಲ್ಲಿ. ಆ ತಾಯಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ.

ಈ ದೋಷವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ, ಹಿಮೊಫಿಲಿಯಾ ‘ಎ’ಯಲ್ಲಿ ಕೊರತೆಯಾಗುವ ‘ಫ್ಯಾಕ್ಟರ್ 8’ ಎಂಬ ಪ್ರೋಟೀನಿನ ಜೀನ್ ಸುಮಾರು 1,86,000 ಡಿಎನ್‌ಎ ಅಕ್ಷರಗಳಷ್ಟು ಉದ್ದ. ಪ್ರೋಟೀನಿನ ಸಂಕೇತ ಅದರೊಳಗೆ 26 ತುಣುಕುಗಳಾಗಿ ಹಂಚಿಹೋಗಿದೆ. ತೀವ್ರ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ 22ನೆಯ ತುಣುಕಿನ ಆಚೆ ಎಳೆ ತುಂಡಾಗಿ, ಮೊದಲ 22 ತುಣುಕುಗಳಿರುವ ಭಾಗ ತಲೆಕೆಳಗಾಗಿ ಮತ್ತೆ ಕೂಡಿಕೊಂಡಿರುತ್ತದೆ. ಉಳಿದ ನಾಲ್ಕು ತುಣುಕುಗಳು ಇದ್ದಲ್ಲೇ ಉಳಿದಿರುತ್ತವೆ. ಅಕ್ಷರಗಳು ಕಳೆದುಹೋಗಿಲ್ಲ, ಆದರೆ ಓದಿಕೊಂಡು ಹೋಗಲು ಬಾರದು. ಕೌದಿಯಲ್ಲಿ ದೊಡ್ಡದೊಂದು ಪಟ್ಟಿಯನ್ನೇ ಮಗುಚಿ ಹೊಲಿದಿದ್ದರೆ ಒಂದೆರಡು ಹೊಲಿಗೆ ಬಿಚ್ಚಿ ಸರಿಪಡಿಸಲಾಗದು, ಮೇಲೆ ಹೊಸ ಪಟ್ಟಿಯನ್ನೇ ಹಚ್ಚಬೇಕಾಗುತ್ತದೆ. ಡಿಎನ್‌ಎಯ ಒಂದೊಂದೇ ಅಕ್ಷರವನ್ನು ತಿದ್ದುವ ಇಂದಿನ ಸೂಕ್ಷ್ಮ ತಂತ್ರಗಳು ಈ ದೋಷದ ಮುಂದೆ ಕೈಚೆಲ್ಲುತ್ತವೆ. ಸರಿಯಾದ ಜೀನನ್ನು ಇಡಿಯಾಗಿ ಸೇರಿಸುವುದೇ ಇಲ್ಲಿ ನೇರ ಹಾದಿ.

ಇಡೀ ಜೀನ್ ಬೇಕೆನ್ನಲು ಇನ್ನೊಂದು ಕಾರಣವಿದೆ. ನಮ್ಮ ಭಾಗಕ್ಕೆ ಅದೇ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ರೋಗವನ್ನು ತರುವ ದೋಷಗಳು ಜಗತ್ತಿನಲ್ಲಿ 350ಕ್ಕೂ ಹೆಚ್ಚು ದಾಖಲಾಗಿವೆ. ಹಿಮೊಫಿಲಿಯಾ ‘ಎ’ಯಲ್ಲಿ ಸಾವಿರಾರು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ಇಲ್ಲಿ ಇನ್ನೂ ಗಟ್ಟಿಯಾಗಿದೆ. ಹಿಮೊಫಿಲಿಯಾಕ್ಕೂ ಇಂಥ ಮದುವೆಗೂ ನೇರ ನಂಟಿಲ್ಲ. ಆದರೆ ಥಲಸ್ಸೀಮಿಯಾದಂಥ, ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕಾದ ರೋಗಗಳಿಗೆ ಖಂಡಿತ ಇದೆ. ಅಕ್ಕನ ಮಗಳನ್ನು ಮದುವೆಯಾದವರ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಇಳಿದುಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಹೀಗಾಗಿ ಎಲ್ಲೂ ಕಾಣದ ದೋಷವೊಂದು ಒಂದೇ ಕಳ್ಳುಬಳ್ಳಿಯ ಎರಡು ಮೂರು ಮಕ್ಕಳಲ್ಲಿ ತಲೆಯೆತ್ತಬಹುದು. ಅಂಥ ಒಂದು ಮನೆಗಾಗಿ ಯಾವ ಕಂಪನಿಯೂ ಔಷಧ ಮಾಡುವುದಿಲ್ಲ. ಇಡೀ ಜೀನನ್ನೇ ಸೇರಿಸುವುದಾದರೆ ಯಾರ ಮನೆಯಲ್ಲಿ ಯಾವ ಅಕ್ಷರ ತಪ್ಪಿದೆ ಎಂಬುದು ಗೌಣವಾಗುತ್ತದೆ. ಆಳಂದದ ಮಗುವಿಗೂ ಅಮೆರಿಕದ ಮಗುವಿಗೂ ಒಂದೇ ಮದ್ದು.

ಜೀನನ್ನು ಹೊತ್ತು ಕೋಶದೊಳಗೆ ಇಳಿಸಲು ಇಷ್ಟು ಕಾಲ ನೆಚ್ಚಿಕೊಂಡದ್ದು ವೈರಸ್ಸುಗಳನ್ನು. ಫ್ಯಾಕ್ಟರ್ 8 ಮುಖ್ಯವಾಗಿ ತಯಾರಾಗುವ ಯಕೃತ್ತಿನ ಚಿಕಿತ್ಸೆಗೆ ಹೆಚ್ಚು ಬಳಕೆಯಲ್ಲಿರುವುದು ಎಎವಿ ಎಂಬ ಪುಟ್ಟ ವೈರಸ್. ಅದು ಹೊರಬಲ್ಲದ್ದು ಸುಮಾರು 4,700 ಅಕ್ಷರಗಳನ್ನು ಮಾತ್ರ. ಫ್ಯಾಕ್ಟರ್ 8ರ ಸಂಕೇತವೋ, ನಡುವಿನ ಬೇಡದ ಭಾಗಗಳನ್ನೆಲ್ಲ ತೆಗೆದ ಮೇಲೂ 7,000ದಷ್ಟು. ಆದ್ದರಿಂದ ಪ್ರೋಟೀನಿನ ಒಂದು ಭಾಗವನ್ನೇ ಕೈಬಿಟ್ಟು ತುರುಕಬೇಕಾಯಿತು. ಅದಕ್ಕಿಂತ ದೊಡ್ಡ ತೊಡಕು, ಹೀಗೆ ಒಳಹೋದ ಜೀನ್ ಬಹುಪಾಲು ವರ್ಣತಂತುವಿಗೆ ಸೇರದೆ ಹೊರಗೇ ಉಳಿಯುತ್ತದೆ. ಕೋಶ ಒಡೆದು ಎರಡಾದಾಗ ಅದು ಎರಡಾಗುವುದಿಲ್ಲ. ದೊಡ್ಡವರ ಯಕೃತ್ತಿನಲ್ಲಿ ಕೋಶಗಳು ಅಪರೂಪಕ್ಕೆ ಒಡೆಯುತ್ತವೆ, ಹೇಗೋ ನಡೆಯುತ್ತದೆ. ಬೆಳೆಯುವ ಮಗುವಿನ ಯಕೃತ್ತಿನಲ್ಲಿ ಜೀನ್ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಾ ಹೋಗುತ್ತದೆ. ಹಿಮೊಫಿಲಿಯಾ ‘ಎ’ಗೆಂದು ಬಂದ ರೋಕ್ಟೇವಿಯನ್‌ಗೆ ವಯಸ್ಕರಲ್ಲಷ್ಟೇ ಅನುಮತಿ ಸಿಕ್ಕಿತು, ಅವರಲ್ಲೂ ಫ್ಯಾಕ್ಟರಿನ ಮಟ್ಟ ವರ್ಷಗಳು ಕಳೆದಂತೆ ಇಳಿಯಿತು. ಇಳಿದರೆ ಇನ್ನೊಮ್ಮೆ ಕೊಡೋಣವೆಂದರೆ ಆಗದು, ಮೊದಲ ಸಲವೇ ದೇಹ ಆ ವೈರಸ್ಸಿನ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಂಡಿರುತ್ತದೆ. ಅತ್ಯಂತ ಹೆಚ್ಚು ಬೇಕಾದ ಮಕ್ಕಳಿಗೇ ಅತ್ಯಂತ ಕಡಿಮೆ ಒದಗುವ ಚಿಕಿತ್ಸೆ ಇದು.

ಬೆಲೆಯ ಮಾತು ಬೇರೆ. ಬೇರೊಂದು ಫ್ಯಾಕ್ಟರಿನ ಕೊರತೆಯಾದ ಹಿಮೊಫಿಲಿಯಾ ‘ಬಿ’ಗೆ 2022ರಲ್ಲಿ ಬಂದ ಹೆಮ್ಜೆನಿಕ್ಸ್‌ನ ದರ 35 ಲಕ್ಷ ಡಾಲರ್, ಹತ್ತಿರಹತ್ತಿರ 30 ಕೋಟಿ ರೂಪಾಯಿ. ನಮ್ಮ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಒಬ್ಬ ರೋಗಿಗೆ ಸಿಗುವ ಗರಿಷ್ಠ ನೆರವು 50 ಲಕ್ಷ.

ವೈರಸ್ಸಿನ ದಾರಿಯಲ್ಲೂ ಒಳ್ಳೆಯ ಸುದ್ದಿ ಇಲ್ಲದಿಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ತೀವ್ರ ಹಿಮೊಫಿಲಿಯಾ ‘ಎ’ ಇದ್ದ ಐವರ ರಕ್ತದ ಆಕರಕೋಶಗಳನ್ನು (ಸ್ಟೆಮ್ ಸೆಲ್) ಹೊರತೆಗೆದು, ಲೆಂಟಿವೈರಸ್ ಎಂಬ ಬೇರೊಂದು ವೈರಸ್ಸಿನ ಮೂಲಕ ಜೀನ್ ಸೇರಿಸಿ ಮರಳಿ ಕೊಟ್ಟರು. ಇಲ್ಲಿ ಜೀನ್ ವರ್ಣತಂತುವಿನೊಳಗೇ ನೆಲೆಸುತ್ತದೆ. ಚಿಕಿತ್ಸೆಯ ನಂತರ ಗಮನಿಸಿದ ಅವಧಿಯಲ್ಲಿ ಐವರಲ್ಲೂ ರಕ್ತಸ್ರಾವ ನಿಂತಿತ್ತೆಂದು 2024ರ ಡಿಸೆಂಬರಿನಲ್ಲಿ ವರದಿಯಾಯಿತು. ಇದು ನಮ್ಮ ದೇಶದ ಹೆಮ್ಮೆಯ ಕೆಲಸ. ಆದರೆ ಇದಕ್ಕೆ ಮೊದಲು ಬಲವಾದ ಕೀಮೋಥೆರಪಿ ಕೊಟ್ಟು ಅಸ್ಥಿಮಜ್ಜೆಯಲ್ಲಿ ಜಾಗ ಮಾಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಕೈಹಾಕುವ ಕೆಲಸ ಅದಲ್ಲ.

ಹಾಗಾದರೆ ವೈರಸ್ ಬೇಡವೆಂದರೆ ಹೊರುವವರು ಯಾರು? ಕೋವಿಡ್ ಕಾಲದಲ್ಲಿ ಎಂಆರ್‌ಎನ್‌ಎ ಲಸಿಕೆಗಳು ಬಂದದ್ದು ಕೊಬ್ಬಿನ ನ್ಯಾನೋಕಣಗಳಲ್ಲಿ. ರಕ್ತನಾಳಕ್ಕೆ ಕೊಟ್ಟಾಗ ಈ ಕಣಗಳ ಮೈಗೆ ನಮ್ಮ ರಕ್ತದ್ದೇ ಒಂದು ಪ್ರೋಟೀನ್ ಅಂಟಿಕೊಳ್ಳುತ್ತದೆ, ಯಕೃತ್ತು ಅವನ್ನು ಕೊಬ್ಬೆಂದೇ ಬಗೆದು ಒಳಗೆಳೆದುಕೊಳ್ಳುತ್ತದೆ. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಅಮೋನಿಯಾವನ್ನು ಹೊರಹಾಕಲಾಗದ ಅಪರೂಪದ ರೋಗವಿದ್ದ ಹಸುಗೂಸಿಗೆ ಇಂಥ ಕಣಗಳಲ್ಲೇ ಜೀನ್ ತಿದ್ದುವ ಔಷಧವನ್ನು ಕೊಟ್ಟರು. ಔಷಧ ಆ ಒಂದು ಮಗುವಿಗೆಂದೇ ಸುಮಾರು ಆರು ತಿಂಗಳಲ್ಲಿ ಸಿದ್ಧವಾಗಿತ್ತು. ಅದನ್ನು ಮೂರು ಸಲ ಕೊಟ್ಟರು ಎಂಬುದನ್ನು ಗಮನಿಸಬೇಕು. ವೈರಸ್ಸಿನಲ್ಲಿ ಕೊಟ್ಟಿದ್ದರೆ ಎರಡನೆಯ ಸಲವೇ ಸಾಧ್ಯವಿರಲಿಲ್ಲ. ಆದರೆ ಅದು ಒಂದಕ್ಷರದ ತಿದ್ದುಪಡಿ. ಇಡೀ ಜೀನನ್ನು ಒಳಸೇರಿಸುವ ಕಿಣ್ವಗಳಿಗಾಗಿ ವಿಜ್ಞಾನಿಗಳು ಬೇರೆ ಕಡೆ ಹುಡುಕಬೇಕಾಯಿತು.

ಆ ಹುಡುಕಾಟದ ಬೇರು ಮೆಕ್ಕೆಜೋಳದಲ್ಲಿದೆ. ಬಾರ್ಬರಾ ಮ್ಯಾಕ್ಲಿಂಟಾಕ್ 1940ರ ದಶಕದಲ್ಲಿ ನ್ಯೂಯಾರ್ಕಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಕೂತು ತೆನೆಗಳ ಕಾಳುಗಳನ್ನು ಒಂದೊಂದಾಗಿ ನೋಡಿದರು. ಬಣ್ಣವಿಲ್ಲದ ಕಾಳಿನ ಮೇಲೆ ನೇರಳೆ ಚುಕ್ಕೆಗಳು. ಕೆಲವು ಸಾಸಿವೆಗಿಂತ ಸಣ್ಣವು, ಕೆಲವು ಅರ್ಧ ಕಾಳನ್ನೇ ಆವರಿಸಿದವು. ಬಣ್ಣದ ಜೀನಿನ ನಡುವೆ ಡಿಎನ್‌ಎಯ ತುಂಡೊಂದು ಬಂದು ಕುಳಿತಿದ್ದರಿಂದ ಕಾಳು ಬಣ್ಣಗೆಟ್ಟಿತ್ತು. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಜಿಗಿದು ಹೊರಬಿದ್ದರೆ ಆ ಕೋಶದ ಸಂತತಿಯೆಲ್ಲ ನೇರಳೆ. ಬೇಗ ಜಿಗಿದರೆ ದೊಡ್ಡ ಮಚ್ಚೆ, ತಡವಾಗಿ ಜಿಗಿದರೆ ಚುಕ್ಕೆ. ಕಾಳಿನ ಮೈಮೇಲಿನ ಚುಕ್ಕೆಯ ಅಳತೆಯಿಂದ ಜಿಗಿತದ ಹೊತ್ತನ್ನು ಓದಿದ ಆ ಮಹಾತಾಯಿಗೆ ನೊಬೆಲ್ ಬಂದದ್ದು 1983ರಲ್ಲಿ. ನಮ್ಮ ಡಿಎನ್‌ಎಯ ಅರ್ಧದಷ್ಟು ಇಂಥ ಜಿಗಿಯುವ ಜೀನುಗಳ ಪಳೆಯುಳಿಕೆ ಎಂಬುದು ಈಗ ತಿಳಿದಿದೆ. 1997ರಲ್ಲಿ ಮಿನೆಸೋಟದ ವಿಜ್ಞಾನಿಗಳು ಮೀನುಗಳಲ್ಲಿ ಲಕ್ಷಾಂತರ ವರ್ಷಗಳಿಂದ ಸತ್ತುಬಿದ್ದಿದ್ದ ಅಂಥ ಜೀನಿನ ಪ್ರತಿಗಳನ್ನು ಹೋಲಿಸಿ, ಮೂಲರೂಪವನ್ನು ಊಹಿಸಿ, ಮತ್ತೆ ಜಿಗಿಯುವಂತೆ ಮಾಡಿದರು. ಅದಕ್ಕೆ ‘ಸ್ಲೀಪಿಂಗ್ ಬ್ಯೂಟಿ’ ಎಂದು ಹೆಸರಿಟ್ಟರು.

ಜಿಗಿಯುವ ಜೀನಿನ ಬೆನ್ನೇರಿಸಿ ಔಷಧದ ಜೀನನ್ನು ಒಳಗೆ ಕಳಿಸಬಹುದು. ಆದರೆ ಅದು ಎಲ್ಲಿ ಇಳಿಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಪತಂಗವೊಂದರಿಂದ ಬಂದ ‘ಪಿಗ್ಗಿಬ್ಯಾಕ್’ ಎಂಬ ಇನ್ನೊಂದು ಜಿಗಿಜೀನನ್ನು ಬಳಸಿ ಆಸ್ಟ್ರೇಲಿಯಾದಲ್ಲಿ ರಕ್ತದ ಕ್ಯಾನ್ಸರ್‌ ರೋಗಿಗಳಿಗಾಗಿ ರೋಗನಿರೋಧಕ ಕೋಶಗಳನ್ನು ತಯಾರಿಸಿದ್ದರು. ಹತ್ತು ಮಂದಿಯಲ್ಲಿ ಇಬ್ಬರಿಗೆ ಆ ಕೋಶಗಳೇ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿ ಬೆಳೆದವೆಂದು 2021ರಲ್ಲಿ ಪ್ರಕಟವಾಯಿತು. ವೈರಸ್ ಇಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾಗಿ ಕಳೆದ ಕೆಲವು ವರ್ಷಗಳ ಹೋರಾಟವೆಲ್ಲ ಇಳಿಯುವ ಜಾಗವನ್ನು ಗೊತ್ತುಮಾಡುವುದಕ್ಕೆ. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸೊಂದರಲ್ಲಿ ಬಿಎಕ್ಸ್‌ಬಿ1 ಎಂಬ ಕಿಣ್ವವಿದೆ. ನಲವತ್ತರ ಆಸುಪಾಸಿನ ಅಕ್ಷರಗಳ ಒಂದು ನಿರ್ದಿಷ್ಟ ಸಾಲು ಕಂಡರಷ್ಟೇ ಅದು ಡಿಎನ್‌ಎಯನ್ನು ಅಲ್ಲಿ ಬೆಸೆಯುತ್ತದೆ, ಬೆಸೆದದ್ದನ್ನು ತಾನಾಗಿ ಬಿಚ್ಚುವುದಿಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಆ ಸಾಲು ಇಲ್ಲ. ಆದ್ದರಿಂದ ಮೊದಲು ‘ಪ್ರೈಮ್ ಎಡಿಟಿಂಗ್’ ತಂತ್ರದಿಂದ ನಮಗೆ ಬೇಕಾದ ಜಾಗದಲ್ಲಿ ಆ ಸಾಲನ್ನು ಬರೆಯುವುದು, ಆಮೇಲೆ ಕಿಣ್ವ ಅಲ್ಲಿಗೆ ಇಡೀ ಜೀನನ್ನು ತಂದು ಸೇರಿಸುವುದು. ಡಿಎನ್‌ಎಯ ಎರಡೂ ಎಳೆಗಳನ್ನು ಒಟ್ಟಿಗೆ ಕತ್ತರಿಸಿ ಬಿಡುವ ಅಪಾಯ ಇಲ್ಲಿ ತಪ್ಪುತ್ತದೆ. 2022ರಲ್ಲಿ ಎಂಐಟಿಯ ಒಮರ್ ಅಬುದಯ್ಯೆ ಮತ್ತು ಜೊನಾಥನ್ ಗೂಟನ್‌ಬರ್ಗ್ ಇದೇ ಬಗೆಯಲ್ಲಿ 36,000 ಅಕ್ಷರಗಳವರೆಗಿನ ಡಿಎನ್‌ಎಯನ್ನು ಸೇರಿಸಿ ತೋರಿಸಿದರು. ಫ್ಯಾಕ್ಟರ್ 8ರ ಪೂರ್ಣ ಸಂಕೇತ ಅದರೊಳಗೆ ಐದು ಸಲ ಹಿಡಿಯುತ್ತದೆ! 2024ರಲ್ಲಿ ಪ್ರೈಮ್ ಎಡಿಟಿಂಗನ್ನು ರೂಪಿಸಿದ ಡೇವಿಡ್ ಲಿಯು ಅವರ ಪ್ರಯೋಗಾಲಯ ಆ ಕಿಣ್ವವನ್ನು ವಿಕಾಸಗೊಳಿಸಿ ಇನ್ನಷ್ಟು ಚುರುಕು ಮಾಡಿತು.

ಕಾಲರಾ ಬ್ಯಾಕ್ಟೀರಿಯಾದಲ್ಲಿ ಸಿಕ್ಕದ್ದು ಇನ್ನೊಂದು ದಾರಿ. ಅದರ ಜಿಗಿಜೀನೊಂದು ತಾನು ಇಳಿಯುವ ಜಾಗವನ್ನು ಆರ್‌ಎನ್‌ಎ ನೋಡಿ ಆರಿಸಿಕೊಳ್ಳುತ್ತದೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಯಾಮ್ ಸ್ಟರ್ನ್‌ಬರ್ಗ್ ತಂಡ 2019ರಲ್ಲಿ ತೋರಿಸಿತು. ಮನುಷ್ಯ ಕೋಶಗಳಲ್ಲಿ ಈ ವ್ಯವಸ್ಥೆ ಬಹಳ ಮಂದವಾಗಿತ್ತು. 2025ರಲ್ಲಿ ಅವರೂ ಲಿಯು ಅವರೂ ಕೂಡಿ, ಅದೇ ಬಳಗದ ಇನ್ನೊಂದು ವ್ಯವಸ್ಥೆಯನ್ನು ಪ್ರಯೋಗಾಲಯದಲ್ಲಿ ವಿಕಾಸಗೊಳಿಸಿ ನೂರಾರು ಪಟ್ಟು ಚುರುಕಾಗಿಸಿದರು.

ಇಷ್ಟೆಲ್ಲ ಇದ್ದೂ ಔಷಧ ಇನ್ನೂ ಆಸ್ಪತ್ರೆಗೆ ಏಕೆ ಬಂದಿಲ್ಲ? ಕಿಣ್ವವನ್ನು ಆರ್‌ಎನ್‌ಎ ರೂಪದಲ್ಲಿ ಕೊಬ್ಬಿನ ಕಣದಲ್ಲಿ ಕಳಿಸಬಹುದು. ಸೇರಿಸಬೇಕಾದ ಜೀನ್ ಮಾತ್ರ ಡಿಎನ್‌ಎ ಆಗಿಯೇ ಹೋಗಬೇಕು. ತೊಂದರೆ ಅಲ್ಲಿದೆ. ನಮ್ಮ ಕೋಶದಲ್ಲಿ ಡಿಎನ್‌ಎ ಇರಬೇಕಾದದ್ದು ಕೋಶಕೇಂದ್ರದಲ್ಲಿ, ಇಲ್ಲವೇ ಮೈಟೊಕಾಂಡ್ರಿಯಾದಲ್ಲಿ. ಕೋಶರಸದಲ್ಲಿ ಕಂಡರೆ ಯಾವುದೋ ವೈರಸ್ ನುಗ್ಗಿದೆ ಎಂದೇ ಅರ್ಥ. ಸಿಗ್ಯಾಸ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಕೂಡಲೇ ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನನ್ನು ಎಚ್ಚರಿಸುತ್ತದೆ, ಉರಿಯೂತ ಭುಗಿಲೇಳುತ್ತದೆ. ಕೊಬ್ಬಿನ ಕಣದಲ್ಲಿ ಡಿಎನ್‌ಎ ತುಂಬಿ ಕೊಟ್ಟ ಇಲಿಗಳು ಈ ಉರಿಯೂತದಿಂದ ಸತ್ತದ್ದಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು ಕಣಗಳಿಗೆ ನೈಟ್ರೋ-ಓಲಿಯಿಕ್ ಆಮ್ಲ ಬೆರೆಸಿ ಸ್ಟಿಂಗನ್ನು ತಡೆದು ಇಲಿಗಳನ್ನು ಉಳಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಕಾಲಿನ್ಸ್ ತಂಡದ ದಾರಿ ನನಗೆ ಇನ್ನೂ ಹಿಡಿಸಿದೆ: ಹಕ್ಕಿಗಳ ಜಿಗಿಜೀನೊಂದರ ಕಿಣ್ವ ಬಳಸಿ, ಜೀನನ್ನೂ ಆರ್‌ಎನ್‌ಎ ಆಗಿಯೇ ಕಳಿಸಿ, ಕೋಶಕೇಂದ್ರದಲ್ಲಿ ಅದನ್ನು ಡಿಎನ್‌ಎ ಆಗಿ ಬರೆಸುವುದು. ಅದು ಇಳಿಯುವುದು ರೈಬೋಸೋಮಿನ ಆರ್‌ಎನ್‌ಎ ಮಾಡುವ ಜೀನುಗಳಲ್ಲಿ. ಅವುಗಳ ನೂರಾರು ಪ್ರತಿಗಳು ನಮ್ಮಲ್ಲಿರುವುದರಿಂದ ಒಂದೆರಡು ಕೆಟ್ಟರೆ ಬಾಧಕವಿಲ್ಲ.

ಹಿಮೊಫಿಲಿಯಾ ಈ ತಂತ್ರಗಳಿಗೆ ಒಳ್ಳೆಯ ಆರಂಭ. ರಕ್ತದಲ್ಲಿ ಫ್ಯಾಕ್ಟರ್ ಸಹಜ ಮಟ್ಟದ ಶೇ. 1ಕ್ಕಿಂತಲೂ ಕಡಿಮೆಯಿದ್ದರೆ ರೋಗ ತೀವ್ರ, ಶೇ. 5 ದಾಟಿದರೆ ಸೌಮ್ಯ. ಯಕೃತ್ತಿನ ಎಲ್ಲ ಕೋಶಗಳಿಗೂ ಜೀನ್ ತಲುಪಬೇಕಿಲ್ಲ, ಒಂದಿಷ್ಟಕ್ಕೆ ತಲುಪಿದರೂ ಬದುಕು ಬದಲಾಗುತ್ತದೆ. ಸಾಲದಿದ್ದರೆ ಇನ್ನೊಮ್ಮೆ ಕೊಡಬಹುದು. ಥಲಸ್ಸೀಮಿಯಾಕ್ಕೆ ಅಸ್ಥಿಮಜ್ಜೆಯ ಆಕರಕೋಶಗಳನ್ನೇ ಮುಟ್ಟಬೇಕು. ಯಕೃತ್ತಿನತ್ತಲೇ ಓಡುವ ಕಣಗಳನ್ನು ಅತ್ತ ತಿರುಗಿಸುವುದು ಹೆಚ್ಚು ಕಷ್ಟ.

ಇಂಥ ಔಷಧ ನಾಳೆ ಸಿದ್ಧವಾದರೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಗೆ ಅದು ಹೇಗೆ ಬರುತ್ತದೆ ಎಂದೂ ಯೋಚಿಸಬೇಕು. ಪುಣೆಯ ಜೆನ್ನೋವಾ ಸಂಸ್ಥೆ 2022ರಲ್ಲಿ ಅನುಮತಿ ಪಡೆದ ತನ್ನ ಎಂಆರ್‌ಎನ್‌ಎ ಲಸಿಕೆಯನ್ನು ಒಣಪುಡಿಯಾಗಿಸಿ, ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ ಇಡಬಹುದಾದಂತೆ ಮಾಡಿದೆ. ಬೀದರಿಗೆ ಹತ್ತಿರದ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಎಂಆರ್‌ಎನ್‌ಎ ಮಾಡುವ ಸ್ವದೇಶಿ ತಂತ್ರ ರೂಪುಗೊಂಡಿದೆ. ಐಐಟಿ ಬಾಂಬೆಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಚಿಕಿತ್ಸೆ ಅಮೆರಿಕದ ದರದ ಹತ್ತನೆಯ ಒಂದು ಭಾಗದಷ್ಟಕ್ಕೆ ಬಂದದ್ದನ್ನು ಕಂಡಿದ್ದೇವೆ. ಕಾರಖಾನೆ, ಶೈತ್ಯಾಗಾರ, ದರ, ಈ ಮೂರೂ ನಮ್ಮ ಸುತ್ತಮುತ್ತಲೇ ಬಗೆಹರಿಯಬಲ್ಲವು ಎಂದು ನಾನು ನಂಬಿದ್ದೇನೆ.

ನನಗೆ ಹೆಚ್ಚು ಕಳವಳವಿರುವುದು ಆಮೇಲಿನ ವರ್ಷಗಳ ಬಗ್ಗೆ. ವರ್ಣತಂತುವಿಗೆ ಜೀನ್ ಸೇರಿಸಿದ ಮೇಲೆ ರೋಗಿಯ ಮೇಲೆ 15 ವರ್ಷಗಳವರೆಗೆ ಕಣ್ಣಿಡಬೇಕೆಂದು ಅಮೆರಿಕದ ಎಫ್‌ಡಿಎ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಆದದ್ದನ್ನು ನೋಡಿದರೆ ಇದು ಅತಿಯಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಯಾದಗಿರಿ, ಸುರಪುರದ ಕಡೆಯ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುತ್ತವೆ. ಆ ಮಗುವಿನ ದಾಖಲೆ ಅದರ ಜೊತೆಗೇ ಹೋಗಬೇಕು. ಪುಣೆಯಲ್ಲಿ ತೆಗೆದ ರಕ್ತದ ವರದಿ ಯಾದಗಿರಿಯ ವೈದ್ಯರ ಕೈಸೇರಬೇಕು. ರೋಗಿಗಳ ಅಂಥ ದಾಖಲೆಪಟ್ಟಿ ಕಟ್ಟಲು ಹೊಸ ಔಷಧ ಬರುವವರೆಗೆ ಕಾಯಬೇಕಾಗಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಈಗ ಫ್ಯಾಕ್ಟರ್ ಚುಚ್ಚುಮದ್ದು ಪಡೆಯುತ್ತಿರುವ, ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳುತ್ತಿರುವ ಮಕ್ಕಳಿಂದಲೇ ಅದನ್ನು ಶುರುಮಾಡಬಹುದು.