ನಾಬ್ ತಿರುಗಿಸಿದರೂ ಮೋಟಾರ್ ಫುಲ್ ಸ್ಪೀಡ್: ಕಾಯಿಲ್ ಹೋಗಿದೆಯಾ?

ಪ್ರಶ್ನೆ: ಮನೆಯ ಸಣ್ಣ ಕಾಫಿ ರೋಸ್ಟರ್‌ನ ಡಿಸಿ ಮೋಟಾರ್ ಸ್ವಿಚ್ ಹಾಕಿದ ಕೂಡಲೇ ಫುಲ್ ಸ್ಪೀಡಲ್ಲಿ ಓಡುತ್ತದೆ. ನಾಬ್ ತಿರುಗಿಸಿದರೂ ಇಳಿಯುವುದಿಲ್ಲ. ಕಾಯಿಲ್ ಹೋಗಿದೆ ಅಂತಾರೆ. ರೀವೈಂಡಿಂಗ್ (ಕಾಯಿಲ್ ಹೊಸದಾಗಿ ಸುತ್ತಿಸುವುದು) ಮಾಡಿಸಲಾ?

ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಸೋಮವಾರಪೇಟೆಯಿಂದ ಗೋಣಿಕೊಪ್ಪದವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ. ನಾನು ಉತ್ತರ ಕೊಡುವಷ್ಟರಲ್ಲಿ ಅರ್ಧ ಜನರ ಮೋಟಾರ್ ರೀವೈಂಡಿಂಗಿಗೆ ಅಂತ ಕುಶಾಲನಗರದ ಬಸ್ ಹತ್ತಿರುತ್ತದೆ.

ಕಾಯಿಲ್ ಸುಟ್ಟ ಮೋಟಾರ್ ತಿರುಗುವುದಿಲ್ಲ, ಇಲ್ಲಾಂದ್ರೆ ಎಳೆದಾಡುತ್ತದೆ, ಬ್ರಷ್ ಹತ್ತಿರ ಕಿಡಿ ಹಾರುತ್ತದೆ, ವಾಸನೆ ಬರುತ್ತದೆ. ನಿಮ್ಮದು ಜಿಂಕೆ ಹಾಗೆ ಓಡುತ್ತಿದೆಯಲ್ಲ! ಮ್ಯಾಗ್ನೆಟ್ ಇರುವ ಡಿಸಿ ಮೋಟಾರಿಗೆ ಕೊಟ್ಟಷ್ಟು ವೋಲ್ಟೇಜ್, ಅಷ್ಟೇ ಸ್ಪೀಡ್. 180 ವೋಲ್ಟಿಗೆ ಫುಲ್ ಆದರೆ 90ಕ್ಕೆ ಹೆಚ್ಚುಕಮ್ಮಿ ಅರ್ಧ. ಫುಲ್ ಓಡುತ್ತಿದೆ ಅಂದರೆ ಸ್ಪೀಡ್ ಕಂಟ್ರೋಲ್ ಮಾಡುವ ಬೋರ್ಡ್ ಫುಲ್ ವೋಲ್ಟೇಜ್ ಕೊಡುತ್ತಿದೆ. ಅಷ್ಟೇ.

"ರೀವೈಂಡ್ ಮಾಡಿಸಿದ ಮೇಲೆ ಸರಿ ಹೋಯ್ತಲ್ಲ ಸಾರ್" ಅನ್ನುವವರೂ ಇದ್ದಾರೆ. ಹೋಗಿರಬಹುದು. ಮೋಟಾರ್ ಬಿಚ್ಚಿ ಮತ್ತೆ ಹಾಕುವಾಗ ನಾಬಿನ ಲೂಸ್ ವೈರನ್ನೂ ಯಾರೋ ಬಿಗಿ ಮಾಡಿರುತ್ತಾರೆ, ಹೆಸರು ಮಾತ್ರ ರೀವೈಂಡಿಂಗಿಗೆ. ನಾಬಿಗೆ ಮೂರು ವೈರ್. ಕಡಿಮೆ ಸ್ಪೀಡಿನ ಕಡೆಯದು ಬಿಟ್ಟುಕೊಂಡರೆ ಬೋರ್ಡ್ ಫುಲ್ ಸ್ಪೀಡ್ ಕೇಳಿದ್ದಾರೆ ಅಂದುಕೊಳ್ಳುತ್ತದೆ. ಮಳೆಯ ತೇವಕ್ಕೆ ಕಿಲುಬು ಹಿಡಿದ ಟರ್ಮಿನಲ್ ಇದ್ದರೆ ಇನ್ನೇನು ಬೇಕು?

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ. ಇಂಥ ಬೋರ್ಡಲ್ಲಿ ನಾಬಿನ ವೈರಲ್ಲೂ ಮೇನ್ಸ್ ಕರೆಂಟ್ ಇರುತ್ತದೆ, ಶಾಕ್ ಹೊಡೆಯುತ್ತದೆ. ಮೋಟಾರಿನ ಎರಡೂ ವೈರ್ ಬೋರ್ಡಿಂದ ಬಿಡಿಸಿ 12 ವೋಲ್ಟ್ ಬ್ಯಾಟರಿಗೆ ಹಿಡಿಯಿರಿ. ನಿಧಾನವಾಗಿ, ಒಂದೇ ಸಮ ತಿರುಗಿದರೆ ಮೋಟಾರ್ ಪಾಸ್. ಆಮೇಲೆ ಮೋಟಾರ್ ಜಾಗಕ್ಕೆ ಹಳೇ 100 ವ್ಯಾಟಿನ ಬುರುಡೆ ಬಲ್ಬ್ ಹಾಕಿ ಆನ್ ಮಾಡಿ. ನಾಬಿನ ಜೊತೆ ಬೆಳಕು ಏರಿಳಿಯಬೇಕು. ಬಲ್ಬ್ ಹಾಕದೆ ಬರೀ ಮೀಟರ್ ಇಟ್ಟರೆ ಒಳ್ಳೆ ಬೋರ್ಡೂ ಜಾಸ್ತಿ ವೋಲ್ಟೇಜ್ ತೋರಿಸುತ್ತದೆ, ಅದನ್ನು ನೋಡಿ ಬೋರ್ಡ್ ಎಸೆದವರಿದ್ದಾರೆ. ಬಲ್ಬಿನ ಬೆಳಕು ಇಳಿಯದಿದ್ದರೆ ಮತ್ತೆ ಪ್ಲಗ್ ಕಿತ್ತು, ಮೊದಲು ನಾಬ್ ಮತ್ತು ಅದರ ವೈರ್ ಮೀಟರಲ್ಲಿ ನೋಡಿ. ಅವು ಸರಿ ಇದ್ದರೆ ಬೋರ್ಡ್ ರಿಪೇರಿಗೆ ಕೊಡಿ. ಸುಮ್ನೆ ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಪ್ರಿಸೆಟ್ (ಸೆಟ್ಟಿಂಗಿನ ಸಣ್ಣ ಸ್ಕ್ರೂಗಳು) ಎಲ್ಲಾ ತಿರುಗಿಸಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಸಿಂಗಲ್ ಫೇಸ್ ಮೋಟಾರಿಗೆ ಫ್ಯಾನ್ ರೆಗ್ಯುಲೇಟರ್ ಹಾಕಿ ಸ್ಪೀಡ್ ಇಳಿಸಲು ಹೊರಟವರು ಬೇಕಾದಷ್ಟಿದ್ದಾರೆ. ಆ ಮೋಟಾರಿನೊಳಗೆ ಸ್ಟಾರ್ಟಿಂಗ್ ಕಾಯಿಲನ್ನು ಸ್ಪೀಡ್ ಬಂದ ಮೇಲೆ ಬಿಡಿಸುವ ಸ್ವಿಚ್ ಇರುತ್ತದೆ. ಸ್ಪೀಡ್ ಇಳಿಸಿದರೆ ಅದು ಮತ್ತೆ ಸೇರಿಕೊಳ್ಳುತ್ತದೆ, ಕೆಲವೇ ಸೆಕೆಂಡ್ ಇರಬೇಕಾದ ಕಾಯಿಲ್ ಅಲ್ಲೇ ಕೂತು ಸುಡುತ್ತದೆ. ಆಗ ನೀವು ರೀವೈಂಡಿಂಗಿಗೆ ಹೋಗಿ, ನಾನು ಬೇಡ ಅನ್ನುವುದಿಲ್ಲ. ಪಲ್ಪರ್ ನಿಧಾನ ಆಗಬೇಕಿದ್ದರೆ ಮೋಟಾರ್ ಕಡೆಗೆ ಚಿಕ್ಕ ಪುಲ್ಲಿ ಹಾಕಿಸಿ.